ಆಮೆನ್ ಅಂದ ಮೇಲೆ: ಸೇವೆಯ ಕರೆಗೆ ಓಗೊಡುವುದು ಹೇಗೆ?

"ದೇವರು ನನ್ನನ್ನ ಸೇವೆಗೆ ಕರೀತಿದ್ದಾನೆ ಅನ್ನಿಸ್ತಿದೆ, ಆದ್ರೆ ಎಲ್ಲಿಂದ ಶುರು ಮಾಡ್ಬೇಕೋ ಗೊತ್ತಾಗ್ತಿಲ್ಲ." ಹೀಗೆ ಹೇಳುವವರು ತುಂಬ ಜನ ಸಿಗುತ್ತಾರೆ. ಭಾನುವಾರ ಪ್ರಸಂಗ ಕೇಳುವಾಗ ಮನಸ್ಸು ಕರಗುತ್ತದೆ, ಕಣ್ಣು ತುಂಬಿಬರುತ್ತದೆ. ಬುಧವಾರದ ಹೊತ್ತಿಗೆ ಕೆಲಸ, ಮಕ್ಕಳು, ಸಾಲ, ಮೊಬೈಲು ಎಲ್ಲ ಸೇರಿ ಅದನ್ನು ಮುಚ್ಚಿಹಾಕಿರುತ್ತವೆ. ಇವರಿಗೆ ಭಕ್ತಿ ಕಡಿಮೆ ಅಂತ ನಾನು ಹೇಳುವುದಿಲ್ಲ. ಎಲ್ಲರಿಗೂ ಏನಾದರೂ ಮಾಡಿಬಿಡಬೇಕು ಅಂತ ಹೊರಟರೆ ಹೀಗೇ ಆಗುತ್ತದೆ. ಅದಕ್ಕೇ ನಾನು ಹೇಳುವುದು ಒಂದೇ ಮಾತು: ಒಬ್ಬರಿಂದ ಶುರು ಮಾಡಿ. ಅವರ ಹೆಸರು ಹಿಡಿದು ಪ್ರಾರ್ಥಿಸಿ. ನಿಮ್ಮ ಪಾಲಿನ ಕೆಲಸ ಯಾವುದು ಅಂತ ತಿಳಿಯುವವರೆಗೆ ಬಿಡಬೇಡಿ. ತಿಳಿದಷ್ಟನ್ನು ಮಾಡಿ, ಮತ್ತೆ ಬಂದು ಅದನ್ನು ದೇವರಿಗೆ ಹೇಳಿ.

ಇದನ್ನು ನಾನು ಕಲಿತದ್ದು ಒಂದು ಲೋಟ ನೀರಿನಿಂದ. ನಮ್ಮ ಸಭೆಯ ಹಿರಿಯ ಅಮ್ಮ ಒಬ್ಬರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ನೋಡಲು ಹೋದೆ. ಹಾಸಿಗೆಯ ಪಕ್ಕ ನಿಂತು, ಕಣ್ಣು ಮುಚ್ಚಿ, ತುಂಬ ಹೊತ್ತು ಪ್ರಾರ್ಥನೆ ಮಾಡಿದೆ. ಗುಣವಾಗಲಿ ಅಂತ, ಬಲ ಬರಲಿ ಅಂತ, ಮನೆಯವರಿಗೆ ಧೈರ್ಯ ಸಿಗಲಿ ಅಂತ. ಆಮೆನ್ ಅಂದು ಕಣ್ಣು ಬಿಟ್ಟರೆ ಅವರು ಪಕ್ಕದ ಮೇಜಿನ ಕಡೆ ನೋಡುತ್ತಿದ್ದರು. ಅಲ್ಲಿ ಸ್ಟೀಲ್ ಲೋಟದಲ್ಲಿ ನೀರಿತ್ತು. ಅವರ ಬೆರಳ ತುದಿಯಿಂದ ಒಂದು ಗೇಣು ದೂರ. "ಅದನ್ನ ಸ್ವಲ್ಪ ಕೊಡ್ತೀಯಾ ಮಗು" ಅಂದರು. ತುಟಿ ಒಣಗಿ ಬಿರಿದಿತ್ತು. ನಾನು ಬಂದಾಗಿನಿಂದಲೂ ಬಾಯಾರಿಕೆಯಂತೆ, ಪ್ರಾರ್ಥನೆಯ ಮಧ್ಯೆ ಕೇಳಬಾರದು ಅಂತ ತಡೆದುಕೊಂಡಿದ್ದರಂತೆ. ತಲೆಗೆ ಕೈ ಕೊಟ್ಟು ಎತ್ತಿ ಕುಡಿಸಿದೆ. ಅರ್ಧ ಲೋಟ ಕುಡಿದು ದಿಂಬಿಗೆ ಒರಗಿದರು.

ನಾನು ಮನಸಾರೆಯೇ ಪ್ರಾರ್ಥಿಸಿದ್ದೆ. ಆದರೆ ಕಣ್ಣು ಮುಚ್ಚುವ ಮೊದಲು ಒಂದು ಸಲ ಸುತ್ತ ನೋಡಬೇಕಿತ್ತು. ಬೈಬಲಿನಲ್ಲಿ ಯಾಕೋಬನು ತನ್ನ ಪತ್ರದ 2ನೇ ಅಧ್ಯಾಯದಲ್ಲಿ ಇದನ್ನೇ ಕೇಳುತ್ತಾನೆ: ಬಟ್ಟೆಯಿಲ್ಲದವನಿಗೆ, ಊಟವಿಲ್ಲದವನಿಗೆ ಹೋಗಿ ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ ಅಂದು ಬರಿಗೈಲಿ ಕಳಿಸಿದರೆ ಏನು ಪ್ರಯೋಜನ?

ಕರೆ ಬಂದಿದೆ ಅಂತ ಗೊತ್ತಾಗುವುದು ಹೇಗೆ?

ಸೇವೆಯ ಕರೆ ಎಂದರೆ ಆಕಾಶದಿಂದ ದನಿ ಕೇಳಬೇಕು ಅಂತ ಕೆಲವರು ಕಾಯುತ್ತಾರೆ. ಹಾಗೆ ಕಾಯಬೇಕಾಗಿಲ್ಲ. ಮತ್ತಾಯ 25ರಲ್ಲಿ ಯೇಸು ಆರು ಕೆಲಸ ಹೇಳಿದ್ದಾನೆ. ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆಯಿಲ್ಲದವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಮನೆಯಲ್ಲಿರುವವನ ಭೇಟಿ. ಇವು ಎಲ್ಲ ವಿಶ್ವಾಸಿಗಳಿಗೂ ಬಂದಿರುವ ಕರೆ. ಒಂದು ವಿಷಯ ಗಮನಿಸಿ. ರೋಗಿಯನ್ನು ವಾಸಿ ಮಾಡಿದಿರಾ, ಸೆರೆಯಲ್ಲಿದ್ದವನನ್ನು ಬಿಡಿಸಿದಿರಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ನೋಡಿಕೊಂಡಿರಿ, ಬಂದಿರಿ ಅಂತಷ್ಟೇ ಇದೆ. ಈ ಆರರಲ್ಲಿ ಒಂದಕ್ಕೂ ಮೈಕು ಬೇಡ, ವೇದಿಕೆ ಬೇಡ.

ಆದರೆ ಈ ಆರರಲ್ಲಿ ಯಾವುದು, ಯಾರಿಗೆ, ಈಗಲೇನಾ ಅನ್ನುವುದು ಬೇರೆ ಪ್ರಶ್ನೆ. ಅಲ್ಲಿ ನನಗೆ ಜಾಸ್ತಿ ಸಹಾಯ ಮಾಡಿದವನು ನೆಹೆಮೀಯ. ಪರ್ಷಿಯಾದ ಅರಮನೆಯಲ್ಲಿ ರಾಜನಿಗೆ ಪಾನ ಕೊಡುವ ಕೆಲಸದಲ್ಲಿದ್ದವನು ಅವನು. ತನ್ನ ಹಿರಿಯರ ಊರಾದ ಯೆರೂಸಲೇಮಿನ ಗೋಡೆ ಬಿದ್ದುಹೋಗಿದೆ ಅಂತ ಸುದ್ದಿ ಬಂತು. ಅವನು ಕೂತು ಅತ್ತ, ಉಪವಾಸ ಮಾಡಿದ, ಪ್ರಾರ್ಥಿಸಿದ. ಕಿಸ್ಲೇವ್ ತಿಂಗಳಿಂದ ನಿಸಾನ್ ತಿಂಗಳವರೆಗೆ, ಅಂದರೆ ಸುಮಾರು 4 ತಿಂಗಳು, ಆ ಭಾರ ಅವನ ಎದೆಯಿಂದ ಇಳಿಯಲಿಲ್ಲ. ಕೊನೆಗೆ ರಾಜ ಏನು ಬೇಕು ಅಂತ ಕೇಳಿದಾಗ, ಆ ಒಂದು ಕ್ಷಣದಲ್ಲೂ ಮನಸ್ಸಲ್ಲೇ ಪ್ರಾರ್ಥಿಸಿ, ಆಮೇಲೆ ಬಾಯಿ ತೆರೆದ. ಕೇಳಿದ್ದು ಮಾತ್ರ ಎಷ್ಟು ಖಚಿತ ನೋಡಿ: ರಜೆ ಎಷ್ಟು ದಿನ, ಯಾವ ಅಧಿಕಾರಿಗಳಿಗೆ ಪತ್ರ, ಬಾಗಿಲುಗಳಿಗೆ ಮರ ಎಲ್ಲಿಂದ. ನಾಲ್ಕು ತಿಂಗಳ ಪ್ರಾರ್ಥನೆಯಲ್ಲಿ ಅವನು ಲೆಕ್ಕವನ್ನೂ ಹಾಕಿದ್ದ. ಊರು ಸೇರಿದ ಮೇಲೂ ಭಾಷಣ ಮಾಡಲಿಲ್ಲ, ಮೊದಲು ರಾತ್ರಿ ಹೊತ್ತು ಕೆಲವರನ್ನು ಕರೆದುಕೊಂಡು ಹೋಗಿ ಬಿದ್ದ ಗೋಡೆ ನೋಡಿಬಂದ. ಆಮೇಲೆ 52 ದಿನದಲ್ಲಿ ಗೋಡೆ ಎದ್ದಿತು.

ಆದ್ದರಿಂದ ನಿಮ್ಮನ್ನೇ ಕೇಳಿಕೊಳ್ಳಿ. ಯಾರ ಕಷ್ಟ ನಿಮಗೆ ವಾರಗಟ್ಟಲೆ ಮರೆಯಲು ಆಗುತ್ತಿಲ್ಲ? ರಾತ್ರಿ ದೀಪ ಆರಿಸಿದ ಮೇಲೆ ಯಾರ ಮುಖ ಕಣ್ಣೆದುರು ಬರುತ್ತದೆ? ಅದನ್ನು ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬ ವಿಶ್ವಾಸಿಗೆ, ಇಲ್ಲವೇ ನಿಮ್ಮ ಪಾಸ್ಟರಿಗೆ ಅಥವಾ ಫಾದರಿಗೆ ಹೇಳಿ. "ಹೌದು, ಇದು ನಿನಗೆ ಸರಿಹೊಂದುತ್ತೆ" ಅಂತ ಅವರೂ ಹೇಳಿದರೆ ಮುಂದೆ ಹೋಗಿ. ಬೇಡ ಅಂದರೆ, ಬೇಸರ ಮಾಡಿಕೊಳ್ಳದೆ ಇನ್ನೂ ಸ್ವಲ್ಪ ದಿನ ಪ್ರಾರ್ಥಿಸಿ.

ಒಂದು ಪುಸ್ತಕ, ಐದು ಹೆಸರು

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಮೊಬೈಲಿಗಿಂತ ಕಾಗದ ಒಳ್ಳೆಯದು, ಅದರಲ್ಲಿ ಮೆಸೇಜು ಬರುವುದಿಲ್ಲ. ಐದು ಹೆಸರಿಗಿಂತ ಜಾಸ್ತಿ ಬರೆಯಬೇಡಿ. ದಿನಕ್ಕೊಂದು ಹೆಸರು. ಐವತ್ತು ಹೆಸರು ಬರೆದರೆ ಓದಿ ಮುಗಿಸುವುದೇ ಪ್ರಾರ್ಥನೆ ಆಗಿಬಿಡುತ್ತದೆ.

ಪ್ರತಿ ಹೆಸರಿನ ಮುಂದೆ ತಾರೀಕು ಹಾಕಿ. ಕಷ್ಟ ಏನು ಅಂತ ಒಂದೇ ಸಾಲಿನಲ್ಲಿ ಬರೆಯಿರಿ. "ಆಶೀರ್ವಾದ ಬೇಕು" ಅಂತ ಬರೆಯಬೇಡಿ, ಅದು ಎಲ್ಲರಿಗೂ ಬೇಕು. "ಗಂಡ ತೀರಿಕೊಂಡು ಎರಡು ತಿಂಗಳು, ರಾತ್ರಿ ನಿದ್ದೆ ಬರುತ್ತಿಲ್ಲ" ಅಂತ ಬರೆಯಿರಿ. ಹೀಗೆ ಬರೆದಾಗ ಪ್ರಾರ್ಥನೆಯೂ ಹಾಗೇ ಬರುತ್ತದೆ. ಆಮೇಲೆ ಬಹಳ ಮುಖ್ಯವಾದ ಭಾಗ: ನಿಮ್ಮ ಮಾತು ಮುಗಿದ ಮೇಲೆ ಎರಡು ನಿಮಿಷ ಸುಮ್ಮನೆ ಕೂತುಕೊಳ್ಳಿ. "ಕರ್ತನೇ, ಇದರಲ್ಲಿ ನನ್ನ ಪಾಲು ಏನು?" ಅಂತ ಕೇಳಿ. ಹೊಳೆದದ್ದನ್ನು ಬರೆದುಕೊಳ್ಳಿ. ಬಹಳ ಸಲ ಹೊಳೆಯುವುದು ತೀರಾ ಸಣ್ಣದು. ಫೋನ್ ಮಾಡು. ಔಷಧಿ ತಂದುಕೊಡು. ಸಂಜೆ ಹೋಗಿ ಅರ್ಧ ಗಂಟೆ ಜೊತೆಗಿರು. ಕೆಲವು ದಿನ ಏನೂ ಹೊಳೆಯುವುದಿಲ್ಲ, ಅದೂ ಪರವಾಗಿಲ್ಲ, ನಾಳೆ ಮತ್ತೆ ಕೇಳಿ.

ಹೀಗೆ ಬರೆದಿಡುವುದು ಹೊಸದೇನಲ್ಲ. 1836ರಲ್ಲಿ ಬ್ರಿಸ್ಟಲ್ ನಗರದಲ್ಲಿ ಅನಾಥ ಮಕ್ಕಳಿಗೆ ಮನೆ ತೆರೆದ ಜಾರ್ಜ್ ಮುಲ್ಲರ್ ಏನನ್ನು ಬೇಡಿಕೊಂಡೆ, ಯಾವಾಗ ಸಿಕ್ಕಿತು ಅಂತ ಬರೆದಿಡುತ್ತಿದ್ದರು. ಖರ್ಚುವೆಚ್ಚವನ್ನೂ ಅಷ್ಟೇ ಶ್ರದ್ಧೆಯಿಂದ ಬರೆದು ಎಲ್ಲರ ಮುಂದೆ ಇಡುತ್ತಿದ್ದರು. ದೊಡ್ಡ ವಿಶ್ವಾಸ ಇದ್ದವರು ಲೆಕ್ಕ ಇಡುವುದರಲ್ಲಿ ಸಡಿಲ ಇರಲಿಲ್ಲ ಅನ್ನುವುದು ನನಗೆ ಬಹಳ ಹಿಡಿಸಿದ ವಿಷಯ.

ಮಾತೇ ಬಾರದ ದಿನ ಒಂದು ಕೀರ್ತನೆ ಓದಿ, ನಡುವೆ ಆ ವ್ಯಕ್ತಿಯ ಹೆಸರು ಸೇರಿಸಿ. ಸಾಕು.

ಇನ್ನೊಂದು ಮಾತು. ಮತ್ತಾಯ 9ರ ಕೊನೆಯಲ್ಲಿ ಯೇಸು ಶಿಷ್ಯರಿಗೆ, ಕೊಯ್ಲು ಬಹಳ, ಕೆಲಸದವರು ಕಡಿಮೆ, ಕೆಲಸದವರನ್ನು ಕಳಿಸು ಅಂತ ಬೇಡಿಕೊಳ್ಳಿ ಅನ್ನುತ್ತಾನೆ. 10ನೇ ಅಧ್ಯಾಯ ತೆರೆದರೆ ಕಳಿಸಿದ್ದು ಅದೇ ಶಿಷ್ಯರನ್ನು. ಬೇಡಿಕೊಳ್ಳುವಾಗ ಇದು ನೆನಪಿರಲಿ.

ಮಾಡುವ ಮೊದಲು ಕೇಳಿ

ಬಾರ್ತಿಮಾಯ ಕುರುಡ. ಅವನಿಗೇನು ಬೇಕು ಅಂತ ಸುತ್ತ ಇದ್ದವರಿಗೆಲ್ಲ ಗೊತ್ತಿತ್ತು, ಅಲ್ವಾ? ಆದರೂ ಯೇಸು ನಿಂತು, ನಾನು ನಿನಗೆ ಏನು ಮಾಡಬೇಕು ಅಂತ ಕೇಳಿದ. ದೇವರ ಮಗನೇ ಕೇಳಿದ ಮೇಲೆ ನಾವು ಕೇಳದೆ ಮಾಡುವುದು ಹೇಗೆ?

"ಏನಾದ್ರೂ ಬೇಕಿದ್ರೆ ಹೇಳಿ" ಅನ್ನುವುದು ಕೇಳಿದಂತಲ್ಲ. ಕಷ್ಟದಲ್ಲಿರುವವರಿಗೆ ತಮಗೇನು ಬೇಕು ಅಂತ ಯೋಚಿಸುವ ಶಕ್ತಿಯೂ ಇರುವುದಿಲ್ಲ, ಬಾಯಿಬಿಟ್ಟು ಕೇಳಲು ಸಂಕೋಚ ಬೇರೆ. ಅದರ ಬದಲು ಎರಡು ಖಚಿತವಾದ ಕೆಲಸ ಮುಂದಿಡಿ. "ಶನಿವಾರ ಬೆಳಗ್ಗೆ ನಾನು ಬಿಡುವಾಗಿದ್ದೀನಿ. ಆಸ್ಪತ್ರೆಗೆ ಜೊತೆಗೆ ಬರ್ಲಾ, ಇಲ್ಲಾ ನೀವು ಹೋಗಿಬರೋವರೆಗೆ ಮಕ್ಕಳನ್ನ ನೋಡ್ಕೊಳ್ಲಾ?" ಹೀಗೆ ಕೇಳಿದರೆ ಉತ್ತರ ಕೊಡುವುದು ಸುಲಭ. ಬೇಡ ಅಂದರೆ ಬೇಡ. ಒತ್ತಾಯ ಮಾಡಬೇಡಿ, ಒಂದು ವಾರ ಬಿಟ್ಟು ಮತ್ತೆ ಕೇಳಿ.

ಪ್ರಾರ್ಥನೆಗೂ ಇದೇ ಮಾತು. "ನಿಮಗೋಸ್ಕರ ಈಗ ಪ್ರಾರ್ಥನೆ ಮಾಡ್ಲಾ?" ಅಂತ ಕೇಳಿ. ಹೂಂ ಅಂದರೆ, ಯಾವುದಕ್ಕಾಗಿ ಮಾಡಲಿ ಅಂತ ಇನ್ನೊಂದು ಪ್ರಶ್ನೆ ಕೇಳಿ. ಉತ್ತರ ಕೇಳಿ ನನಗೆ ಎಷ್ಟೋ ಸಲ ಆಶ್ಚರ್ಯ ಆಗಿದೆ. ತಮ್ಮ ಕಾಯಿಲೆ ಬಿಟ್ಟು, ಮಾತು ಬಿಟ್ಟಿರುವ ತಮ್ಮನಿಗಾಗಿ ಪ್ರಾರ್ಥಿಸಿ ಅಂದವರಿದ್ದಾರೆ.

ಸಹಾಯ ಬೇಕಾದವರು ಬೇರೆ ಧರ್ಮದವರಾಗಿದ್ದರೆ, ಅಥವಾ ದೇವರನ್ನೇ ನಂಬದವರಾಗಿದ್ದರೆ? ಅದೇ ಸಹಾಯ, ಅಷ್ಟೇ ಪ್ರೀತಿ. ಪ್ರಾರ್ಥನೆಗೆ ಕೂತರೆ ಮಾತ್ರ ಊಟ ಅನ್ನುವ ಶರತ್ತು ಹಾಕಿದರೆ ಅದು ಸೇವೆಯಲ್ಲ, ವ್ಯಾಪಾರ. ಯೇಸು ಹೇಳಿದ ಕಥೆಯಲ್ಲಿ, ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನಿಗೆ ನೆರವಾದ ಸಮಾರ್ಯದವನು ಬಿದ್ದವನ ಜಾತಿ ಮತ ವಿಚಾರಿಸಲಿಲ್ಲ.

ಕೆಲಸಕ್ಕಿಳಿದಾಗ

ಲೂಕ 10ರ ಆ ಸಮಾರ್ಯದವನ ಕಥೆಯನ್ನು ಒಂದು ಸಲ ಕೆಲಸಗಳ ಪಟ್ಟಿಯಂತೆ ಓದಿ ನೋಡಿ. ಹತ್ತಿರ ಹೋದ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ಸವಾರಿಯ ಮೇಲೆ ಕೂರಿಸಿದ. ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿದ. ಮರುದಿನ ಎರಡು ದಿನಾರ, ಅಂದರೆ ಆ ಕಾಲದ ಎರಡು ದಿನದ ಕೂಲಿ, ಛತ್ರದವನ ಕೈಗೆ ಕೊಟ್ಟ. ಜಾಸ್ತಿ ಖರ್ಚಾದರೆ ಹಿಂತಿರುಗಿ ಬರುವಾಗ ಕೊಡುತ್ತೇನೆ ಅಂದ. ಆಮೇಲೆ ತನ್ನ ದಾರಿ ಹಿಡಿದು ಹೋದ. ಈ ಕೊನೆಯದನ್ನು ನಾವು ಓದುವುದೇ ಇಲ್ಲ. ಅವನು ಜೀವನಪೂರ್ತಿ ಛತ್ರದಲ್ಲಿ ಕೂರಲಿಲ್ಲ. ಮಾಡಬೇಕಾದದ್ದನ್ನು ಪೂರ್ತಿ ಮಾಡಿ, ಉಳಿದದ್ದನ್ನು ಆ ಕೆಲಸ ಬಲ್ಲವನಿಗೆ ಒಪ್ಪಿಸಿದ, ಮತ್ತೆ ಬರುತ್ತೇನೆ ಅಂತ ಮಾತು ಕೊಟ್ಟ.

ರೋಗಿಗಳನ್ನು ನೋಡಲು ಹೋಗುವುದರಿಂದಲೇ ಹೆಚ್ಚಿನವರ ಸೇವೆ ಶುರುವಾಗುತ್ತದೆ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೋಗುವ ಮೊದಲು ಫೋನ್ ಮಾಡಿ. ನಿಮಗೇ ನೆಗಡಿ ಜ್ವರ ಇದ್ದರೆ ಹೋಗಬೇಡಿ. ಕೈ ತೊಳೆದು ಒಳಗೆ ಹೋಗಿ. ನಿಂತು ಮಾತಾಡಬೇಡಿ, ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ, ಮಲಗಿದವರಿಗೆ ಕತ್ತು ಎತ್ತಿ ನೋಡುವುದು ಕಷ್ಟ. ಸುತ್ತ ಒಂದು ಸಲ ಕಣ್ಣಾಡಿಸಿ: ನೀರು ಕೈಗೆ ಸಿಗುವಂತಿದೆಯಾ, ಹೊದಿಕೆ ಜಾರಿದೆಯಾ, ಬೆಳಕು ಕಣ್ಣಿಗೆ ಹೊಡೆಯುತ್ತಿದೆಯಾ. ನೀರಾದರೂ ಊಟವಾದರೂ ಕೊಡುವ ಮೊದಲು ಕೊಡಬಹುದಾ ಅಂತ ನೋಡಿಕೊಳ್ಳುವವರನ್ನು ಕೇಳಿ. ಹದಿನೈದು ನಿಮಿಷ ಸಾಕು. ನಿಮ್ಮ ನೆಂಟರಿಗೆ ಇದೇ ಕಾಯಿಲೆ ಬಂದಿದ್ದ ಕಥೆ ದಯವಿಟ್ಟು ಬೇಡ. ಪ್ರಾರ್ಥನೆ ಒಂದೆರಡು ನಿಮಿಷ, ಮೆಲ್ಲನೆಯ ದನಿಯಲ್ಲಿ, ಅವರು ಹೇಳಿದ ಮಾತನ್ನೇ ಹಿಡಿದು. ಹೊರಡುವಾಗ ಮತ್ತೆ ಯಾವಾಗ ಬರುತ್ತೀರಿ ಅಂತ ಹೇಳಿ. ಹೇಳಿದ ದಿನ ಹೋಗಲೇಬೇಕು. ಬರುತ್ತೇನೆ ಅಂದು ಬಾರದವರಿಗಾಗಿ ಅವರು ಬಾಗಿಲು ನೋಡುತ್ತಾ ಮಲಗಿರುತ್ತಾರೆ.

ಸಾವಿನ ಮನೆಯಲ್ಲಿ ಕಾರಣ ಹೇಳಲು ಹೋಗಬೇಡಿ. "ದೇವರಿಗೆ ಅವರು ಬೇಕಾಗಿದ್ರು" ಅನ್ನುವ ಮಾತು ಎಷ್ಟು ಜನರ ಎದೆಗೆ ಚುಚ್ಚಿದೆಯೋ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ್ದರಲ್ಲಿ ಒಳ್ಳೆಯದು ಅದೊಂದೇ, ಬಾಯಿ ತೆರೆದ ಮೇಲೆ ಕೆಟ್ಟಿತು. ಜನ ತುಂಬಿರುವ ಮೊದಲ ವಾರಕ್ಕಿಂತ ಎಲ್ಲರೂ ಹೊರಟುಹೋದ ಎರಡನೇ ತಿಂಗಳಲ್ಲಿ ನಿಮ್ಮ ಅಗತ್ಯ ಜಾಸ್ತಿ. ತೀರಿಕೊಂಡವರ ಹುಟ್ಟಿದ ದಿನ, ಮದುವೆಯ ದಿನ ಪುಸ್ತಕದಲ್ಲಿ ಬರೆದಿಡಿ, ಆ ದಿನ ಹೋಗಿ, ಇಲ್ಲವೇ ಫೋನ್ ಮಾಡಿ.

ಹಣ ಕೊಡುವುದಿದ್ದರೆ ಗುಟ್ಟಾಗಿ ಕೊಡಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುವ ಮಾತು ಈಗಿನ ಕಾಲಕ್ಕೆ ಹೇಳುವುದಾದರೆ, ಫೋಟೊ ತೆಗೆಯಬೇಡಿ. ಊಟದ ಪೊಟ್ಟಣ ಹಿಡಿದು ಕ್ಯಾಮೆರಾ ನೋಡಬೇಕಾದವರ ಮುಖ ನೀವು ಒಮ್ಮೆ ಹತ್ತಿರದಿಂದ ನೋಡಿದ್ದರೆ ಆಮೇಲೆ ಎಂದೂ ತೆಗೆಯುವುದಿಲ್ಲ.

ಪ್ರಾರ್ಥನಾ ವಿಷಯ ಅಂತ ಹೇಳಿ ಇನ್ನೊಬ್ಬರ ಮನೆಯ ಗುಟ್ಟನ್ನು ಗುಂಪಿನಲ್ಲಿ ಹಂಚುವುದು ಚಾಡಿಯೇ, ಹೆಸರು ಮಾತ್ರ ಬೇರೆ. ಅವರು ಒಪ್ಪದೆ ಯಾರಿಗೂ ಹೇಳಬೇಡಿ.

ಒಬ್ಬರೇ ಹೊರಬೇಡಿ

ಯೇಸು ಶಿಷ್ಯರನ್ನು ಕಳಿಸಿದ್ದು ಇಬ್ಬಿಬ್ಬರನ್ನಾಗಿ. ಮೋಶೆ ಬೆಳಗಿಂದ ಸಂಜೆವರೆಗೆ ಒಬ್ಬನೇ ನ್ಯಾಯ ತೀರಿಸುತ್ತಾ ಕೂತಾಗ ಮಾವ ಇತ್ರೋ ಬಂದು, ನೀನು ಮಾಡುವುದು ಸರಿಯಲ್ಲ, ನೀನೂ ಬಳಲುತ್ತೀ ಜನರೂ ಬಳಲುತ್ತಾರೆ ಅಂದ. ಆದಿಸಭೆಯಲ್ಲೂ ಹಾಗೇ ಆಯಿತು. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಅಂತ ದೂರು ಬಂದಾಗ ಅದಕ್ಕೆಂದೇ 7 ಜನರನ್ನು ಆರಿಸಿ, ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಊಟ ಹಂಚುವ ಕೆಲಸಕ್ಕೂ ಕೈಯಿಟ್ಟು ಪ್ರಾರ್ಥನೆ! ನಾವು ಯಾಕೆ ಅದನ್ನು ಚಿಕ್ಕ ಕೆಲಸ ಅಂದುಕೊಂಡಿದ್ದೇವೋ.

ಹಾಗಾಗಿ ಜೊತೆಗೊಬ್ಬರನ್ನು ಹುಡುಕಿಕೊಳ್ಳಿ. ಮಕ್ಕಳ ನಡುವೆ ಸೇವೆ ಮಾಡುವುದಾದರೆ ಇದು ಕಡ್ಡಾಯ: ದೊಡ್ಡವರು ಇಬ್ಬರಾದರೂ ಇರಬೇಕು, ತಂದೆತಾಯಿಗೆ ತಿಳಿದಿರಬೇಕು, ಮುಚ್ಚಿದ ಕೋಣೆ ಬೇಡ. ಸೆರೆಮನೆಗೆ ಹೋಗುವ ಆಸೆ ಇದ್ದರೆ ಈಗಾಗಲೇ ಅನುಮತಿ ಪಡೆದು ಹೋಗುತ್ತಿರುವ ಗುಂಪಿನ ಜೊತೆ ಸೇರಿ.

ಕೆಲವು ಭಾರ ನಮ್ಮ ಕೈಮೀರಿದ್ದು. ಸಾಯಬೇಕು ಅನ್ನಿಸ್ತಿದೆ ಅಂತ ಯಾರಾದರೂ ಹೇಳಿದರೆ, ಮನೆಯಲ್ಲಿ ಹೊಡೆತ ತಿನ್ನುತ್ತಿದ್ದರೆ, ಪ್ರಾರ್ಥಿಸಿ ಮನೆಗೆ ಬಂದುಬಿಡಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಡಾಕ್ಟರ್, ಆಪ್ತಸಮಾಲೋಚಕರು, ಪೊಲೀಸ್, ಯಾರು ಬೇಕೋ ಅವರ ಬಳಿ ಅದೇ ದಿನ ಜೊತೆಯಲ್ಲಿ ಹೋಗಿ. ಗುಟ್ಟು ಕಾಯುವ ಮಾತು ಇಲ್ಲಿಗೆ ಹೊಂದುವುದಿಲ್ಲ, ಜೀವ ಮೊದಲು. ವಿಶ್ವಾಸ ಇದ್ದರೆ ಮಾತ್ರೆ ಬಿಡು ಅಂತ ಯಾರಿಗೂ, ಯಾವತ್ತೂ ಹೇಳಬೇಡಿ.

ಕರೆ ಬಂದ ಕೂಡಲೇ ಕಲಿಯಲು ಹೋದವರೂ ಇದ್ದಾರೆ. ಐಡಾ ಸ್ಕಡರ್ ಮಿಷನರಿ ಡಾಕ್ಟರ್ ಒಬ್ಬರ ಮಗಳು. ದಕ್ಷಿಣ ಭಾರತದಲ್ಲಿದ್ದ ತಂದೆಯ ಮನೆಗೆ ಅಮೆರಿಕದಿಂದ ಬಂದಿದ್ದಾಗ ಒಂದೇ ರಾತ್ರಿ ಮೂವರು ಗಂಡಸರು, ಒಬ್ಬರಾದ ಮೇಲೆ ಒಬ್ಬರು, ಹೆರಿಗೆಯ ನೋವಿನಲ್ಲಿದ್ದ ಹೆಂಡತಿಗೆ ಸಹಾಯ ಕೇಳಿಕೊಂಡು ಬಾಗಿಲಿಗೆ ಬಂದರು. ಗಂಡು ಡಾಕ್ಟರ್ ಬೇಡ ಅಂದರು. ಐಡಾಗೆ ವೈದ್ಯಕೀಯ ಗೊತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಆ ರಾತ್ರಿ ಐಡಾ ಪ್ರಾರ್ಥಿಸಿದರು, ಆಮೇಲೆ ಹಿಂತಿರುಗಿ ಹೋಗಿ ಓದಿದರು. 1899ರಲ್ಲಿ ವೈದ್ಯಕೀಯ ಪದವಿ ಪಡೆದು 1900ರಲ್ಲಿ ಬಂದು, ವೆಲ್ಲೂರಿನಲ್ಲಿ ಒಂದೇ ಹಾಸಿಗೆಯಿಂದ ಚಿಕಿತ್ಸೆ ಶುರು ಮಾಡಿದರು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆಯನ್ನೂ ತೆರೆದರು. ನಿಮ್ಮ ಕರೆಗೂ ಓದು ಬೇಕಿರಬಹುದು. ಪ್ರಥಮ ಚಿಕಿತ್ಸೆ, ಸನ್ನೆ ಭಾಷೆ, ವೃದ್ಧರ ಆರೈಕೆ, ಏನಾದರೂ ಸರಿ. ಕಲಿಯುವ ದಿನಗಳೂ ಸೇವೆಯ ದಿನಗಳೇ.

ಸುಸ್ತಾದಾಗ, ಉತ್ತರ ಬಾರದಿದ್ದಾಗ

ಮಾರ್ಕ 1ರಲ್ಲಿ ಒಂದು ಸಂಜೆ ಊರಿಗೆ ಊರೇ ಬಾಗಿಲಿಗೆ ಬಂದಿತ್ತು, ಯೇಸು ಬಹಳ ಜನರನ್ನು ಗುಣಪಡಿಸಿದ. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ಯಾರೂ ಇಲ್ಲದ ಕಡೆ ಹೋಗಿ ಪ್ರಾರ್ಥಿಸುತ್ತಿದ್ದ. ಪೇತ್ರ ಹುಡುಕಿಕೊಂಡು ಬಂದು ಎಲ್ಲರೂ ನಿನ್ನನ್ನು ಕೇಳುತ್ತಿದ್ದಾರೆ ಅಂದರೆ, ಬೇರೆ ಊರುಗಳಿಗೆ ಹೋಗೋಣ ಅಂದ. ಕಾಯುತ್ತಿದ್ದವರ ಅಗತ್ಯ ಸುಳ್ಳಲ್ಲ. ಆದರೆ ಯಾವುದಕ್ಕೆ ಹೂಂ ಅನ್ನಬೇಕು ಅನ್ನುವುದು ಅವನಿಗೆ ತಂದೆಯ ಬಳಿ ತಿಳಿದಿತ್ತು. ಎಲ್ಲದಕ್ಕೂ ಹೂಂ ಅನ್ನುವವರು ಆರು ತಿಂಗಳಲ್ಲಿ ಕೈಚೆಲ್ಲುತ್ತಾರೆ, ನಾನು ನೋಡಿದ್ದೇನೆ. ವಾರಕ್ಕೆ ಒಂದು ದಿನ ಯಾವ ಸೇವೆಯೂ ಇಲ್ಲದೆ ಇಟ್ಟುಕೊಳ್ಳಿ. ಮನೆಯವರಿಗೆ ಕೊಡಬೇಕಾದ ಸಮಯವನ್ನು ಕಿತ್ತು ಹೊರಗೆ ಕೊಡಬೇಡಿ. ಸಾಕಪ್ಪಾ, ನನ್ನ ಜೀವ ತೆಗೆ ಅಂದ ಪ್ರವಾದಿ ಎಲೀಯನಿಗೆ ದೇವರು ಬೈಯಲಿಲ್ಲ. ಮಲಗಲು ಬಿಟ್ಟ, ದೂತನನ್ನು ಕಳಿಸಿ ಊಟ ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ.

ಕೆಲವು ಹೆಸರುಗಳ ಮುಂದೆ ಉತ್ತರ ಬರುವುದೇ ಇಲ್ಲ. ನೀವು ಬೇಡಿಕೊಂಡ ಮಗು ಉಳಿಯುವುದಿಲ್ಲ, ನೀವು ಸಹಾಯ ಮಾಡಿದವನು ಮತ್ತೆ ಕುಡಿಯಲು ಶುರು ಮಾಡುತ್ತಾನೆ. ಅದಕ್ಕೆ ನನ್ನ ಬಳಿ ವಿವರಣೆ ಇಲ್ಲ. ಅಂಥ ದಿನ ದೇವರ ಮುಂದೆ ಅಳಿ, ಸಿಟ್ಟಿದ್ದರೆ ಸಿಟ್ಟನ್ನೂ ಹೇಳಿ, ಕೀರ್ತನೆಗಳಲ್ಲಿ ಎಷ್ಟೋ ಭಾಗ ಅದೇ ಇದೆ. ಆ ಹೆಸರನ್ನು ಮಾತ್ರ ಹೊಡೆದುಹಾಕಬೇಡಿ. ಅದರ ಸುತ್ತ ಇನ್ನೂ ಯಾರಿದ್ದಾರೆ ಅಂತ ನೋಡಿ.

ಆ ಲೋಟದ ಅಮ್ಮ ಗುಣವಾಗಲಿಲ್ಲ. ನಾನು ಆಮೇಲೆ ಪ್ರತಿ ಗುರುವಾರ ಹೋಗುತ್ತಿದ್ದೆ. ಮೊದಲು ನೀರು, ಆಮೇಲೆ ಕೀರ್ತನೆ, ಕೊನೆಗೆ ಎರಡು ನಿಮಿಷ ಪ್ರಾರ್ಥನೆ. ಅವರು ತೀರಿಕೊಂಡ ದಿನದ ತಾರೀಕು ಪುಸ್ತಕದಲ್ಲಿದೆ. ಅದರ ಕೆಳಗಿನ ಸಾಲಿನಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದ ಮಗಳ ಹೆಸರು ಬರೆದಿದ್ದೇನೆ. ಅಮ್ಮನ ಕೋಣೆಯಲ್ಲಿ ಇನ್ನೂ ಏನನ್ನೂ ಎತ್ತಿಟ್ಟಿಲ್ಲ, ಒಬ್ಬಳಿಗೇ ಆಗುತ್ತಿಲ್ಲ ಅಂದಳು. ಈ ಗುರುವಾರ ನಾವಿಬ್ಬರೂ ಸೇರಿ ಆ ಬಟ್ಟೆಗಳನ್ನು ಮಡಚಿಡಲಿದ್ದೇವೆ.